ನೀರಲ್ಲಿ ತೊಳೆದರೆ ಹೋಗುವ ಜಿಡ್ಡು

ಟ್ರಾಯ್, ಮಿಶಿಗನ್
19 ಏಪ್ರಿಲ್ 2009

ಅನು,

ನಿನ್ನ ವಿಳಾಸ ಹೇಗೆ ಸಿಕ್ಕಿತು ಅಂತ ತಲೆ ಕೆಡಿಸಿಕೊಳ್ಳಬೇಡ. ನಿನ್ನ ಬಾಟಲಿನ ಬೆನ್ನಿಗೆ ನೀನೇ ಅಚ್ಚು ಹಾಕಿಸಿದ್ದೀಯ.

ನಿನ್ನೆ ಕಲೀಮ್ ಜೊತೆ ವಾರೆನ್‌ನ ಬೇಟೆ ಸಾಮಾನಿನ ಅಂಗಡಿಗೆ ಹೋಗಿದ್ದೆ. ಅವನ ಆಫೀಸಿನಲ್ಲಿ ಅರ್ಧಕ್ಕರ್ಧ ಮೇಜುಗಳು ಖಾಲಿಯಾಗಿವೆ. ಅವನ ಕೆಲಸ ಇನ್ನೂ ಉಳಿದಿದೆ. ಆ ಖುಷಿಗೆ ಜಿಂಕೆ ಬೇಟೆಯ ತಯಾರಿ ಈಗಲೇ ಶುರು ಮಾಡಿದ್ದಾನೆ. ಅಂಗಡಿಯಲ್ಲಿ ತೋಟಾದ ಶೆಲ್ಫೆಲ್ಲ ಬೋಳು. ಚುನಾವಣೆ ಆದಾಗಿನಿಂದ ಹೊಸ ಸರ್ಕಾರ ಬಂದೂಕಿಗೆ ಕಡಿವಾಣ ಹಾಕುತ್ತೆ ಅಂತ ಜನ ಹೆದರಿಕೊಂಡು ತೋಟಾನ ಸೀಮೆಎಣ್ಣೆ ಹಾಗೆ ಕೂಡಿಡುತ್ತಿದ್ದಾರೆ. ಸಿಗದವರು ಹಾರಿಸಿದ ತೋಟಾದ ಹಿತ್ತಾಳೆ ಕೇಸನ್ನೇ ಆರಿಸಿ ತಂದು ಮನೆಯಲ್ಲಿ ಮತ್ತೆ ತುಂಬಿಕೊಳ್ಳುತ್ತಿದ್ದಾರೆ. ಅಂಥವರಿಗೆ ಬೇಕಾದ ಸಾಮಾನು ಮಾತ್ರ ಕೌಂಟರಿನ ಪಕ್ಕ ಧಾರಾಳವಾಗಿತ್ತು. ಅದರ ಮಧ್ಯೆ ಕೇಸಿಗೆ ಹಚ್ಚೋ ಜಿಡ್ಡಿನ ನಿನ್ನ ಬಾಟಲು. 'ಬ್ಲೂ ಹೆರಾನ್ ಕೇಸ್ ಲೂಬ್. ನೀರಲ್ಲಿ ತೊಳೆದರೆ ಸಾಕು.'

ಕಲೀಮ್ ಮುಚ್ಚಳ ತೆಗೆದು ಮೂಸಿ ನನ್ನ ಮುಖ ನೋಡಿದ. "ಅಕ್ಕಾರ, ಇದು ನಿಮ್ದಲ್ಲೇನ್ರಿ?"

ನಾನೂ ಮೂಸಿದೆ. ಉಣ್ಣೆಯಿಂದ ತೆಗೆದ ಲ್ಯಾನೋಲಿನ್ನಿನ ಕುರಿ ವಾಸನೆ ಮುಚ್ಚೋಕೆ ಮಜ್ಜಿಗೆ ಹುಲ್ಲಿನ ಎಣ್ಣೆ ಹಾಕೋ ಯೋಚನೆ ಇನ್ಯಾರಿಗೆ ಬರುತ್ತೆ ಅನು? ನನಗೆ ಬಂತು. ನನ್ನ ಗ್ಯಾರೇಜಿನಲ್ಲಿ. ಆಗ ನೀನು ಪಕ್ಕದ ಸ್ಟೂಲಿನ ಮೇಲೆ ಕೂತು ನನ್ನ ಚಕ್ಕುಲಿ ತಿನ್ನುತ್ತಿದ್ದೆ.

ಲಿವೋನಿಯಾದ ಲ್ಯಾಬ್ ಮುಚ್ಚಿ ನಮ್ಮಿಬ್ಬರಿಗೂ ಒಂದೇ ದಿನ ರಟ್ಟಿನ ಡಬ್ಬ ಕೊಟ್ಟು ಕಳಿಸಿದರು. ನನ್ನ ಕಾರಿನಲ್ಲಿ ಕೂತು ನೀನು ಅತ್ತೆ. ಜೀವನ ಪೂರ್ತಿ ಕಾರಿನ ಬಾಗಿಲ ತಗಡು ಒತ್ತೋ ಪ್ರೆಸ್ಸಿಗೆ ಎಣ್ಣೆ ಮಾಡಿದ ನಾವು ಇನ್ನೇನು ಮಾಡಬಲ್ಲೆವು ಅಂದೆ. ಆ ವಾರವೇ ಕಲೀಮ್ ತನ್ನ ಉಕ್ಕಿನ ಡೈ ಹಿಡಿದುಕೊಂಡು ಬಂದ. ಒಳಗೆ ಒಂದು ಕೇಸು ಸಿಕ್ಕಿಕೊಂಡು ಕೂತಿತ್ತು. ಗುಂಡು ಹಾರಿದಾಗ ಉಬ್ಬಿದ ಕೇಸನ್ನ ಡೈಯೊಳಗೆ ಒತ್ತಿ ಮೊದಲಿನ ಅಳತೆಗೆ ತರಬೇಕು, ಒಣಗಿದ್ದರೆ ಕಚ್ಚಿಕೊಳ್ಳುತ್ತೆ, ಜಿಡ್ಡು ಜಾಸ್ತಿಯಾದರೆ ಕೇಸಿನ ಭುಜದ ಹತ್ತಿರ ತಗ್ಗು ಬೀಳುತ್ತೆ ಅಂತ ಅವನು ಹೇಳುತ್ತಿದ್ದರೆ ನಾವಿಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡು ನಕ್ಕಿದ್ದೆವು. ಕಾರಿನ ಬಾಗಿಲಿಗೂ ತೋಟಾಕ್ಕೂ ಕಾಯಿಲೆ ಒಂದೇ.

ಆಮೇಲೆ ಡಿಸೆಂಬರಿನಲ್ಲಿ ಬಂದು, "ಋಷಿಗೆ ಶಿಕಾಗೋದಲ್ಲಿ ಕೆಲಸ ಸಿಕ್ತು ಪದ್ಮಕ್ಕ, ಹೋಗಿ ಫೋನ್ ಮಾಡ್ತೀನಿ" ಅಂದೆ. ಮಾಡಲಿಲ್ಲ.

ನಿನ್ನ ಹೊಸ ನಂಬರ್ ಕಲೀಮ್ ಹತ್ತಿರ ಇದೆ. ನಾನು ಮಾಡಲ್ಲ. ಫೋನಲ್ಲಿ ನೀನು ಅಳ್ತೀಯ, ನಾನು ಕರಗ್ತೀನಿ. ಕಾಗದದ ಮೇಲೆ ಆ ಆಟ ನಡೆಯಲ್ಲ.

ಕದ್ದೆಯಾ, ಇಲ್ಲವಾ? ಅಷ್ಟು ಬರಿ.

ಪದ್ಮಜಾ


ಶಾಂಬರ್ಗ್, ಇಲಿನಾಯ್
2 ಮೇ 2009

ಪದ್ಮಕ್ಕನಿಗೆ ನಮಸ್ಕಾರ,

ನಿಮ್ಮ ಕಾಗದ ಓದಿದೆ. ಋಷಿ ಓದಬೇಡ ಅಂದರು, ಆದರೂ ಓದಿದೆ.

ಕದ್ದೆ ಅನ್ನೋ ಮಾತು ನಾನು ಒಪ್ಪಲ್ಲ. ಆ ಗ್ಯಾರೇಜಿನಲ್ಲಿ ನಾನು ಬರೀ ಚಕ್ಕುಲಿ ತಿಂದೆನಾ? ಮಜ್ಜಿಗೆ ಹುಲ್ಲು ನಿಮ್ಮದು, ಒಪ್ಪಿದೆ. ಲ್ಯಾನೋಲಿನ್ ನಿಮ್ಮದು. ಆದರೆ ಅದನ್ನ ನಲ್ಲಿ ಕೆಳಗೆ ಹಿಡಿದರೆ ತೊಳೆದು ಹೋಗೋ ಹಾಗೆ ಮಾಡಿದ್ದು ನಾನು. ಜನ ಕೊಳ್ಳುತ್ತಿರೋದು ಅದಕ್ಕೇ. ಉಳಿದ ಕಂಪನಿಗಳ ಜಿಡ್ಡು ಒರೆಸಿ ಒರೆಸಿ ಅವರ ಕೈ ಸೋತಿದೆ.

ನಾನು ಎಷ್ಟು ಸಲ ಕೇಳಿದೆ ಪದ್ಮಕ್ಕ, ಮಾರೋಣ ಅಂತ? "ಇನ್ನೊಂದು ಚಳಿಗಾಲ ನೋಡೋಣ" ಅಂದಿರಿ. "ಬಂದೂಕಿನವರಿಗೆ ಮಾರಿದೆವು ಅಂತ ಗೊತ್ತಾದರೆ ದೇವಸ್ಥಾನದಲ್ಲಿ ಏನಂತಾರೆ" ಅಂದಿರಿ. ನಿಮಗೆ ತಿರುಮಲೇಶ್ ಅವರ ಸಂಬಳ ಇತ್ತು. ನಿಮಗೆ ಕಾಯೋ ಶಕ್ತಿ ಇತ್ತು. ಇಲ್ಲಿಗೆ ಬಂದ ಆರನೇ ವಾರಕ್ಕೆ ಋಷಿಯ ಕೆಲಸ ಹೋಯಿತು. ಅವರ ದೊಡ್ಡಪ್ಪನ ಮಗ ಪ್ರಕಾಶಣ್ಣ ತಮ್ಮ ಗೋಡೌನಿನ ಒಂದು ಮೂಲೆ ಬಿಟ್ಟುಕೊಟ್ಟರು. ನಿಮ್ಮನ್ನ ಕೇಳೋಣ ಅಂದೆ. "ಕೇಳಿದರೆ ಬೇಡ ಅಂತಾರೆ. ಕೇಳದೇ ಇದ್ದರೆ ಬೇಡ ಅನ್ನೋಕಾಗಲ್ಲ" ಅಂದರು ಪ್ರಕಾಶಣ್ಣ.

ನಾನು ಕೇಳಲಿಲ್ಲ. ಅದೊಂದು ನಿಜ.

ಅನು


ಟ್ರಾಯ್
10 ಮೇ 2009

ಅನು,

ನೀರಲ್ಲಿ ತೊಳೆಯೋ ಹಾಗೆ ಮಾಡಿದ್ದು ನೀನು. ಒಪ್ಪಿದೆ. ಮನಸಾರೆ ಒಪ್ಪಿದೆ. ಎಲ್ಲರ ಎದುರಿಗೂ ಹೇಳ್ತೀನಿ, ಆ ಭಾಗ ಪೂರ್ತಿ ಅನೂದು, ನನ್ನ ಕೈಯೇ ಅದರಲ್ಲಿಲ್ಲ ಅಂತ.

ನೀನು ಹೋದ ಮೇಲೂ ಗ್ಯಾರೇಜಿನಲ್ಲಿ ನಮ್ಮ ಕೇಸುಗಳು ಹಾಗೇ ಟ್ರೇನಲ್ಲಿ ಬಿದ್ದಿದ್ದವು. ಮಾರ್ಚ್‌ನಲ್ಲಿ ಹಿಮ ಕರಗಿದ ಮೇಲೆ ಎತ್ತಿ ನೋಡಿದೆ. ನೋಡಿದ್ದು ಏನು ಅಂತ ನಿನಗೆ ಹೇಳಲ್ಲ. ಅವತ್ತು ನಿನಗೆ ಫೋನ್ ಮಾಡಿ ಹೇಳೋಣ ಅಂತ ನಂಬರ್ ಒತ್ತಿದ್ದೆ. ನಂಬರ್ ಬದಲಾಗಿದೆ ಅಂತ ಒಬ್ಬ ಹೆಂಗಸು ಇಂಗ್ಲಿಷಿನಲ್ಲಿ ಹೇಳಿದಳು.

ನಿನ್ನ ಬಾಟಲಿನಲ್ಲಿ ಒಂದು ದೋಷ ಇದೆ. ಇವತ್ತು ಕಾಣಲ್ಲ. ನಿನ್ನ ಪ್ರಕಾಶಣ್ಣನ ಗೋಡೌನಿನಲ್ಲಿ ಕಾಣಲ್ಲ. ಹಿತ್ತಾಳೆಗೆ ಅವಸರ ಇಲ್ಲ.

ನನಗೂ ಇಲ್ಲ.

ಪದ್ಮಜಾ


ಶಾಂಬರ್ಗ್
21 ಜೂನ್ 2009

ಪದ್ಮಕ್ಕನಿಗೆ,

ನಿಮ್ಮ ಹಿಂದಿನ ಕಾಗದ ಓದಿ ಒಂದು ವಾರ ನಿದ್ದೆ ಬರಲಿಲ್ಲ. ಆಮೇಲೆ ಯೋಚಿಸಿದೆ, ನೀವು ಬೇಕಂತಲೇ ಹಾಗೆ ಬರೆದಿದ್ದೀರಿ ಅಂತ. ಎಲ್ಲ ಪರೀಕ್ಷೆ ಮತ್ತೆ ಮಾಡಿದೆ. ಬಿಸಿಯಲ್ಲಿಟ್ಟೆ, ಫ್ರೀಜರಿನಲ್ಲಿಟ್ಟೆ. ಡೈಗೆ ತುಕ್ಕು ಹಿಡಿಯಲ್ಲ. ಕೇಸು ಸಿಕ್ಕಿಕೊಳ್ಳಲ್ಲ. ತಗ್ಗು ಬೀಳಲ್ಲ. ಮದ್ದಿನ ಪುಡಿ ಕೆಡಲ್ಲ. ಏನೂ ಇಲ್ಲ ಪದ್ಮಕ್ಕ. ಇರೋದು ನಿಮ್ಮ ಕೋಪ ಮಾತ್ರ.

ಪ್ರಕಾಶಣ್ಣ ಈ ಬೇಟೆ ಸೀಸನ್ನಿಗೆ ಮಿಶಿಗನ್, ವಿಸ್ಕಾನ್ಸಿನ್, ಇಂಡಿಯಾನಾ ಎಲ್ಲ ಕಡೆ ಅಂಗಡಿಗೆ ಇಡಿಸುತ್ತಿದ್ದಾರೆ. ಅವರಿಗೆ ನಿಮ್ಮ ಕಾಗದದ ವಿಷಯ ಹೇಳಿದೆ. "ಅವರಿಗೂ ಏನಾದರೂ ಕೆಲಸ ಕೊಡೋಣ, ಕನ್ಸಲ್ಟೆಂಟ್ ಅಂತ" ಅಂದರು. ವಾರಕ್ಕೆ ಎರಡು ದಿನ ಮನೆಯಿಂದಲೇ ಮಾಡಬಹುದು. ಕೋಪ ಬಿಟ್ಟು ಯೋಚಿಸಿ. ನೀವು ಎಲ್ಲೋ ಪೇಂಟ್ ಕೌಂಟರಿನಲ್ಲಿ ನಿಂತಿದ್ದೀರಿ ಅಂತ ಕಲೀಮ್ ಹೇಳಿದ. ಕೇಳಿ ನನಗೆ ಹೇಗಾಯಿತು ಅಂತ ಬರೆಯೋಕೆ ಗೊತ್ತಾಗುತ್ತಿಲ್ಲ.

ಅನು


ಟ್ರಾಯ್
23 ಆಗಸ್ಟ್ 2009

ಅನು,

ಎರಡು ತಿಂಗಳು ಉತ್ತರ ಬರೆಯಲಿಲ್ಲ ಅಂತ ನೀನು ಗೆದ್ದೆ ಅಂದುಕೊಂಡಿರಬೇಕು. ಬರೆಯಲು ಬಿಡುವಿರಲಿಲ್ಲ. ಪೇಂಟ್ ಕಲಸುತ್ತಿದ್ದೆ.

ಹೌದು, ಪೇಂಟ್ ಕೌಂಟರಿನಲ್ಲೇ ನಿಂತಿದ್ದೀನಿ. ಕೆಂಪು ಏಪ್ರನ್ನು, ಎದೆ ಮೇಲೆ 'ಪ್ಯಾಡಿ' ಅಂತ ಹೆಸರಿನ ಬಿಲ್ಲೆ. ಪದ್ಮಜಾ ಅನ್ನೋದು ಉದ್ದವಾಯಿತಂತೆ. ದಿನಾ ಬರೋರೆಲ್ಲ ಒಂದೇ ಬಣ್ಣ ಕೇಳ್ತಾರೆ, ಸುಣ್ಣಕ್ಕೂ ಮಣ್ಣಿಗೂ ಮಧ್ಯದ್ದು. ಬ್ಯಾಂಕಿನವರು ಮನೆ ವಾಪಸ್ ತಗೊಳ್ಳೋ ಮುಂಚೆ ಯಾರಿಗಾದರೂ ಮಾರೋಣ ಅಂತ ಬಳಿಯೋ ಬಣ್ಣ ಅದು. ಈ ಊರಲ್ಲಿ ಬೇರೆ ಬಣ್ಣ ಹೋಗೋದೇ ಇಲ್ಲ. ಹೋದ ವಾರ ನಮ್ಮ ಹಳೇ ಲ್ಯಾಬಿನ ಮ್ಯಾನೇಜರೇ ಬಂದಿದ್ದ. ನನ್ನ ಗುರುತು ಹಿಡಿದು, ಹಿಡಿಯದವನ ಹಾಗೆ ಗೋಡೆಗೆ ಬಣ್ಣ ಕೇಳಿದ. ನಾನೂ ಕೊಟ್ಟೆ.

ನಿನ್ನ ಪ್ರಕಾಶಣ್ಣನಿಗೆ ಹೇಳು, ನನ್ನ ಜಿಡ್ಡಿಗೆ ನನ್ನನ್ನೇ ಕೂಲಿ ಇಟ್ಟುಕೊಳ್ಳೋ ಧೈರ್ಯಕ್ಕೆ ಮೆಚ್ಚಿದೆ ಅಂತ.

ಅನು, ನಾನು ನಿನಗೆ ಕೆಟ್ಟದ್ದು ಬಯಸುತ್ತಿಲ್ಲ ಅಂತ ಸುಳ್ಳು ಹೇಳಲ್ಲ. ಬಯಸ್ತೀನಿ. ಬೆಳಿಗ್ಗೆ ಕಾಫಿ ಕುಡಿಯುತ್ತಾ ಬಯಸ್ತೀನಿ. ದೇವಸ್ಥಾನದಲ್ಲಿ ಮಂಗಳಾರತಿ ತಗೊಂಡು ಕಣ್ಣಿಗೆ ಒತ್ತಿಕೊಳ್ಳುವಾಗಲೂ ನಿನ್ನ ಬಾಟಲಿನ ನೆನಪು ಬರುತ್ತೆ. ನವೆಂಬರ್ ಹದಿನೈದಕ್ಕೆ ಮಿಶಿಗನ್‌ನಲ್ಲಿ ಜಿಂಕೆ ಬೇಟೆ ಶುರು. ಏಪ್ರಿಲ್‌ನಲ್ಲಿ ನಿನ್ನ ಲೂಬ್ ಹಚ್ಚಿ ತುಂಬಿಟ್ಟ ತೋಟಾಗಳೆಲ್ಲ ಅವತ್ತು ಪೆಟ್ಟಿಗೆಯಿಂದ ಹೊರಗೆ ಬರುತ್ತವೆ. ನಿನ್ನ ಫೋನ್ ಬಡಿದುಕೊಳ್ಳೋಕೆ ಶುರುವಾಗುತ್ತೆ. ವಕೀಲರು ಬರ್ತಾರೆ. ಆಗ ನೀನು ನನ್ನ ಹೆಸರು ಹೇಳೋಕೂ ಆಗಲ್ಲ. ಯಾಕೆಂದರೆ ಬಾಟಲಿನ ಮೇಲೆ ಎಲ್ಲೂ ನನ್ನ ಹೆಸರಿಲ್ಲ.

ಕನ್ನಡಕ ಹಾಕಿಕೊಂಡು ಸರಿಯಾಗಿ ಹುಡುಕು.

ಪದ್ಮಜಾ


ಶಾಂಬರ್ಗ್
13 ಸೆಪ್ಟೆಂಬರ್ 2009

ಪದ್ಮಕ್ಕ,

ಹುಡುಕಿದೆ. ಸಿಗಲಿಲ್ಲ. ನನ್ನ ಹತ್ತಿರ ಲಿವೋನಿಯಾದ ಮೈಕ್ರೋಸ್ಕೋಪಿಲ್ಲ. ಗೋಡೌನಿನ ಮೂಲೆ, ಒಂದು ಒಲೆ, ಒಂದು ತಕ್ಕಡಿ ಅಷ್ಟೇ.

ನಿಮ್ಮ ಕಾಗದದಲ್ಲಿ ವಕೀಲರು ಬರ್ತಾರೆ ಅಂತ ಇತ್ತು. ವಕೀಲರು ಸುಮ್ಮನೆ ಬರಲ್ಲ. ಯಾರಿಗಾದರೂ ಪೆಟ್ಟಾಗುತ್ತಾ? ಅಷ್ಟು ಮಾತ್ರ ಹೇಳಿ. ನೀವು ಸುಳ್ಳು ಹೇಳೋರಲ್ಲ, ಅದು ನನಗೆ ಗೊತ್ತು. ಅದಕ್ಕೇ ಭಯ. ಪ್ರಕಾಶಣ್ಣನಿಗೆ ಮಾರೋದು ನಿಲ್ಲಿಸೋಣ ಅಂದೆ. "ಯಾವುದಕ್ಕೆ? ಹೊಟ್ಟೆಕಿಚ್ಚಿನವರ ಒಂದು ಕಾಗದಕ್ಕಾ? ದೋಷ ತೋರಿಸು, ನಿಲ್ಲಿಸ್ತೀನಿ" ಅಂದರು. ತೋರಿಸೋಕೆ ನನ್ನ ಹತ್ತಿರ ಏನಿದೆ?

ಲೇಬಲ್ ಮೇಲೆ ನಿಮ್ಮ ಹೆಸರು ಹಾಕಿಸ್ತೀನಿ. ಬೇಕಾದರೆ ನನ್ನದು ತೆಗೆಸ್ತೀನಿ. ನಿಮ್ಮ ಕಾಲಿಗೆ ಬೀಳು ಅಂದರೆ ಬರ್ತೀನಿ. ಲ್ಯಾಬಿಗೆ ಹೊಸದಾಗಿ ಸೇರಿದಾಗ ನಾನು ಒಂದು ಡ್ರಮ್ಮು ಎಣ್ಣೆ ತಪ್ಪಾಗಿ ಕಲಸಿದ್ದೆ. ನೀವು ಯಾರಿಗೂ ಹೇಳದೇ ನನ್ನ ಪಕ್ಕ ನಿಂತು ಸರಿ ಮಾಡಿಕೊಟ್ಟಿರಿ. ಆ ಪದ್ಮಕ್ಕನಿಗೆ ಈ ಕಾಗದ ಬರೆಯುತ್ತಿದ್ದೀನಿ.

ನನ್ನ ನಂಬರ್ ಕೆಳಗೆ ಬರೆದಿದ್ದೀನಿ. ಯಾವಾಗ ಬೇಕಾದರೂ ಮಾಡಿ.

ಅನು


ಟ್ರಾಯ್
18 ಅಕ್ಟೋಬರ್ 2009

ಅನು,

ಈ ಕಾಗದ ನಿನ್ನ ಕೈಗೆ ಬರೋ ಹೊತ್ತಿಗೆ ನಿನಗೆ ವಿಷಯ ಗೊತ್ತಾಗಿರುತ್ತೆ. ಆದರೂ ನನ್ನ ಬಾಯಿಂದ ಕೇಳು.

ತಿಂಗಳ ಮೊದಲನೇ ಶನಿವಾರ ಕಲೀಮ್ ಬಂದ. ನಾನು ಅಂಗಳದಲ್ಲಿ ಎಲೆ ಗುಡಿಸುತ್ತಿದ್ದೆ. ಯಾವಾಗಲೂ ರಸ್ತೆಯಿಂದಲೇ ಕೂಗುತ್ತಾ ಬರೋನು, ಅವತ್ತು ಮಾತಿಲ್ಲದೇ ಬಂದು ಅಂಗೈ ಬಿಚ್ಚಿದ. ನಾಲ್ಕು ತೋಟಾ. ಒಂದರ ಕತ್ತು ಸೀಳಿತ್ತು. ಇನ್ನೊಂದರ ಹೊಟ್ಟೆಯ ಮೇಲೆ, ಬುಡಕ್ಕೆ ಹತ್ತಿರ, ಕೂದಲೆಳೆಯಂಥ ಬಿರುಕು.

"ನೋಡ್ರಿಲ್ಲೆ ಅಕ್ಕಾರ. ಹಾರಿಸಿಲ್ಲ, ಏನಿಲ್ಲ. ಪೆಟಗಿ ಒಳಗ ಕುಂತಲ್ಲೇ ಸೀಳ್ಯಾವ."

"ಯಾವ ಲೂಬ್ ಹಚ್ಚಿದ್ದೆ?" ಕೇಳೋ ಮುಂಚೆಯೇ ನನಗೆ ಗೊತ್ತಿತ್ತು.

"ಅನೂಂದು. ನೀವು ಮಾಡೂದು ಬಿಟ್ರಿ. ವಾಸ್ನಿ ನಿಮ್ದ ಇತ್ತು. ಹಂಗಂತ ತಂದೆ."

ಅನು, ಅವನು ಎಡಗಣ್ಣು ಮುಚ್ಚಿ, ಬಲಗೆನ್ನೆ ರೈಫಲ್ಲಿಗೆ ಒತ್ತಿ ಗುರಿ ಇಡೋದನ್ನ ನಾವಿಬ್ಬರೂ ನೋಡಿದ್ದೀವಿ. ಹೊಟ್ಟೆ ಸೀಳಿದ ತೋಟಾ ಹಾರಿದರೆ ಬೆಂಕಿಯಂಥ ಗಾಳಿ ಹಿಂದಕ್ಕೆ ನುಗ್ಗುತ್ತೆ. ಹಿಂದೆ ಇರೋದು ಅವನ ಕಣ್ಣು. ನನ್ನ ಕೈಯಲ್ಲಿ ಪೊರಕೆ ಹಾಗೇ ನಿಂತಿತು. ನನ್ನ ಮುಖದಲ್ಲಿ ಅವನು ಏನೋ ಓದಿದ.

"ನಿಮಗ ಮದ್ಲ ಗೊತ್ತಿತ್ತೇನ್ರಿ?"

"ಗೊತ್ತಿತ್ತು."

"ಯಾವಾಗಿಂದ?"

"ಮಾರ್ಚ್."

ಅವನು ಆ ತೋಟಾಗಳನ್ನ ಜೇಬಿಗೆ ಹಾಕಿಕೊಂಡ. "ಅಕಿ ನಿಮ್ದು ಕದ್ದಾಳ, ಖರೆ. ನನಗೂ ಸಿಟ್ಟೈತಿ. ಆದ್ರ ಬಂದೂಕಿನ ಹಿಂದ ಕಣ್ಣಿಟ್ಟು ನಿಂತಾಂವ ನಿಮ್ದೇನ್ ಕದ್ದಾನ್ರಿ?" ಅಂದ. "ಒಂದ್ ವಾರ ಕೊಡ್ತೀನಿ. ನೀವು ಹೇಳ್ರಿ. ಇಲ್ಲಂದ್ರ ನಾ ಹೇಳ್ತೀನಿ." ಹೊರಟು, ಕಾರಿನ ಬಾಗಿಲು ಹಿಡಿದು ಮತ್ತೆ ತಿರುಗಿದ. "ಅನೂಗ ಒಂದು ಫೋನ್ ಮಾಡ್ರಿ ಅಕ್ಕಾರ. ಮುಗದ ಹೋತು."

ಮುಗಿದು ಹೋಗುತ್ತಿತ್ತು. ಅದೇ ನನಗೆ ಬೇಕಿರಲಿಲ್ಲ.

ನಾನು ಫೋನ್ ಮಾಡಿದ್ದರೆ ನೀನು ಬಾಟಲುಗಳನ್ನ ಸದ್ದಿಲ್ಲದೇ ವಾಪಸ್ ತರಿಸುತ್ತಿದ್ದೆ. ಹೊಸ ಲೇಬಲ್ ಅಂಟಿಸಿ, ಹೊಸ ಜಿಡ್ಡು ತುಂಬಿ, ವಸಂತಕ್ಕೆ ಮತ್ತೆ ಅದೇ ಶೆಲ್ಫಿನಲ್ಲಿ ನಿಲ್ಲಿಸುತ್ತಿದ್ದೆ. ಅದಕ್ಕೇ ಈ ಕಡೆಯ ಬೇಟೆ ಕ್ಲಬ್ಬುಗಳಿಗೆಲ್ಲ ಹೋಗೋ ಮಾಸಪತ್ರಿಕೆಗೆ ಬರೆದೆ. ಕಲೀಮ್‌ನಿಂದ ಅವನ ತೋಟಾದ ಫೋಟೋ ತರಿಸಿಕೊಂಡು ಇಟ್ಟೆ. ನಿನ್ನ ಬಾಟಲಿನ ಫೋಟೋ ಇಟ್ಟೆ, ಹಿಂದಿನ ವಿಳಾಸ ಕಾಣೋ ಹಾಗೆ. ಸಂಪಾದಕ ಓದಿ ಗಾಬರಿಯಾಗಿ ಮೊದಲ ಪುಟಕ್ಕೇ ಹಾಕಿದ, ಇಂಟರ್ನೆಟ್ಟಿನಲ್ಲೂ ಹಾಕಿದ. ಆಮೇಲೆ ನಿನ್ನ ಬಾಟಲು ಇಟ್ಟ ಒಂದೊಂದು ಅಂಗಡಿಗೂ ನಾನೇ ಫೋನ್ ಮಾಡಿದೆ. ಅವರಿಗೆ ಫೋನ್ ಮಾಡೋಕೆ ನನಗೆ ಏನೂ ಕಷ್ಟವಾಗಲಿಲ್ಲ.

ದೋಷ ಏನು ಅಂತ ಕೇಳಿದ್ದೆಯಲ್ಲ. ಲ್ಯಾನೋಲಿನ್ ನೀರಲ್ಲಿ ಬೆರೆಯಲಿ ಅಂತ ನೀನು ಹಾಕಿದ ಅಮೈನ್ ಇದೆಯಲ್ಲ, ಅದೇ. ಅಮೋನಿಯಾದ ದಾಯಾದಿ ಅದು. ಒತ್ತಿಸಿಕೊಂಡು ಬಿಗಿದು ಕೂತ ಹಿತ್ತಾಳೆ ಮೇಲೆ ಉಳಿದರೆ ತೇವ ಕುಡಿದು ತಿಂಗಳುಗಟ್ಟಲೆ ಒಳಗೊಳಗೇ ಕೊರೆಯುತ್ತೆ. ಚೆನ್ನಾಗಿ ತೊಳೆದರೆ ಏನೂ ಆಗಲ್ಲ. ಆದರೆ ಯಾರು ಚೆನ್ನಾಗಿ ತೊಳೀತಾರೆ? ನೀನು ನಿನ್ನ ಪರೀಕ್ಷೆಯಲ್ಲಿ ತೊಳೆದಿರ್ತೀಯ. ನೀನು ಅಚ್ಚುಕಟ್ಟು.

ಪತ್ರಿಕೆಯ ಪುಟ ಜೊತೆಗಿಟ್ಟಿದ್ದೀನಿ.

ಪದ್ಮಜಾ


ಶಾಂಬರ್ಗ್
29 ನವೆಂಬರ್ 2009

ಪದ್ಮಜಾ,

ಇಷ್ಟು ವರ್ಷ ಅಕ್ಕ ಅಂದೆ, ನೀವು ಅಂದೆ. ಸಾಕು.

ನಿನ್ನ ಆಸೆ ತೀರಿತು. ಅಂಗಡಿಯವರು ಬಾಟಲುಗಳನ್ನ ಪೆಟ್ಟಿಗೆಯಲ್ಲಿ ವಾಪಸ್ ಕಳಿಸಿದರು. ಕೆಲವರು ಒಡೆದು ಕಳಿಸಿದರು. ಗೋಡೌನು ಪೂರ್ತಿ ಮಜ್ಜಿಗೆ ಹುಲ್ಲಿನ ವಾಸನೆ. ಪ್ರಕಾಶಣ್ಣ ಒಂದು ಸಂಜೆ ಬಂದು ಬೀಗದ ಕೈ ಕೇಳಿದರು. "ಅಣ್ಣ, ಸರಿ ಮಾಡ್ತೀನಿ, ಒಂದು ಚಳಿಗಾಲ ಕೊಡಿ" ಅಂದೆ. ಅಂದಮೇಲೆ ಹೊಳೆಯಿತು, ಇದು ನಿನ್ನ ಮಾತು ಅಂತ. ಅವರು, "ನಿನ್ನನ್ನ ನಂಬಿದ್ದು ನನ್ನ ತಪ್ಪು" ಅಂದರು. ಕೇಳಬೇಡ ಅಂದವರೇ ಅವರು. ಋಷಿ ಬಾಯಿ ಬಿಡಲಿಲ್ಲ. ಈಗಲೂ ನನ್ನ ಜೊತೆ ಉಪ್ಪು ಕೊಡು, ಕೀ ಕೊಡು ಅನ್ನೋದು ಬಿಟ್ಟು ಬೇರೆ ಮಾತಿಲ್ಲ.

ನಾನು ಮಾಡಿದ್ದು ಏನು ಗೊತ್ತಾ? ಫೋನ್ ಹತ್ತಿರ ಕೂತೆ. ಎಲ್ಲ ಕಾಲ್ ನಾನೇ ತಗೊಂಡೆ. ಬೈದವರದ್ದೂ ತಗೊಂಡೆ. ತೋಟಾ ಹಾರಿಸಬೇಡಿ, ಬಿಚ್ಚಿ ನೋಡಿ ಅಂತ ಒಬ್ಬೊಬ್ಬರಿಗೂ ಹೇಳಿದೆ. ವಿಸ್ಕಾನ್ಸಿನ್‌ನ ಒಬ್ಬ ಮುದುಕ, ತನ್ನ ಪೆಟ್ಟಿಗೆಯಲ್ಲಿ ಅರ್ಧ ಸೀಳಿವೆ, ಮೊಮ್ಮಗಳಿಗೆ ಮೊದಲ ಸಲ ಬೇಟೆ ಕಲಿಸೋಕೆ ತುಂಬಿಟ್ಟಿದ್ದೆ ಅಂದ. ಬೈಯಲಿಲ್ಲ. ಥ್ಯಾಂಕ್ಸ್ ಹೇಳಿದ. ಅವನ ಥ್ಯಾಂಕ್ಸ್ ನಿನಗೆ ಸೇರಬೇಕಾ, ನನಗಾ? ಇಬ್ಬರಿಗೂ ಅಲ್ಲ ಅನ್ನಿಸಿತು.

ಬೇಟೆ ಶುರುವಾಗಿ ಎರಡು ವಾರ ಆಯಿತು. ಯಾರಿಗೂ ಏನೂ ಆಗಿಲ್ಲ.

ಸೆಪ್ಟೆಂಬರಿನಲ್ಲಿ ನಂಬರ್ ಬರೆದು ಕಳಿಸಿದ್ದೆ. ನೀನು ಒಂದು ಫೋನ್ ಮಾಡಬಹುದಿತ್ತು.

ಅನು


ಟ್ರಾಯ್
17 ಜನವರಿ 2010

ಅನು,

ಮಾಡಬಹುದಿತ್ತು.

ನಿನ್ನೆ ದೇವಸ್ಥಾನದ ಹಾಲಿನಲ್ಲಿ ಊರಿನ ಕನ್ನಡದವರೆಲ್ಲ ಸೇರಿ ಎಳ್ಳು ಬೀರಿದೆವು. ಅಲಿಯಾ ಕೂಡ ಕಲೀಮ್ ಜೊತೆ ಬಂದಿದ್ದಳು, ಗಂಡನ ಪಕ್ಕ ಬಿಟ್ಟು ಕದಲಲಿಲ್ಲ. ಕಲೀಮ್ ನನಗೆ ನಮಸ್ಕಾರ ಅಂದ, ಅಷ್ಟೇ. ಹೆಂಗಸರೆಲ್ಲ ನನ್ನ ಸುತ್ತ ನಿಂತು, "ಪಾಪ, ಅನು ಬಿಸಿನೆಸ್ಸು ಮುಳುಗಿ ಹೋಯಿತಂತೆ, ಹೌದೇನ್ರೀ ಪದ್ಮಜಾ?" ಅಂತ ಕೇಳಿದರು. ಕೈಯಲ್ಲಿ ಎಳ್ಳು ಬೆಲ್ಲದ ಪೊಟ್ಟಣ ಹಿಡಿದಿದ್ದೆ. ಅದನ್ನ ತಿಂದು ಒಳ್ಳೆ ಮಾತಾಡಬೇಕಂತೆ. "ಹೌದು, ಮುಳುಗಿತು. ನಾನೇ ಮುಳುಗಿಸಿದೆ" ಅಂದೆ. ಯಾರೋ ನಕ್ಕರು, ತಮಾಷೆ ಅಂದುಕೊಂಡು. ಆಮೇಲೆ ಯಾರೂ ನಗಲಿಲ್ಲ.

ನಿನ್ನ ಕಾಗದ ಬಂದ ದಿನ ನನಗೆ ಸಂತೋಷವಾಯಿತು. ಬಿಸಿಬೇಳೆ ಬಾತ್ ಮಾಡಿ ಎರಡು ಸಲ ಬಡಿಸಿಕೊಂಡೆ. ಏನು ವಿಶೇಷ ಅಂತ ತಿರುಮಲೇಶ್ ಕೇಳಿದರು. ಏನೂ ಇಲ್ಲ ಅಂದೆ. ಆ ಮುದುಕನ ವಿಷಯ ಮಾತ್ರ ಅವತ್ತು ಸರಿಯಾಗಿ ಓದಿರಲಿಲ್ಲ. ಮಾರನೇ ದಿನ ಪೇಂಟ್ ಕಲಸುವಾಗ ನೆನಪಾಯಿತು. ಮೆಷಿನ್ ಆಫ್ ಮಾಡಿ ಸ್ವಲ್ಪ ಹೊತ್ತು ಹಿಂದಿನ ರೂಮಿನಲ್ಲಿ ಕೂತಿದ್ದೆ. ಯಾಕೆ ಅಂತ ಕೇಳಬೇಡ.

ನೀನು ಕ್ಷಮೆ ಕೇಳಿಲ್ಲ. ನಾನೂ ಕೇಳಲ್ಲ. ಇನ್ನು ಬರೆಯೋಕೆ ಏನೂ ಉಳಿದಿಲ್ಲ.

ಪದ್ಮಜಾ


ಹನೋವರ್ ಪಾರ್ಕ್, ಇಲಿನಾಯ್
12 ಸೆಪ್ಟೆಂಬರ್ 2010

ಪದ್ಮಜಾ,

ಮನೆ ಬದಲಾಯಿಸಿದೆವು, ಸಣ್ಣ ಅಪಾರ್ಟ್‌ಮೆಂಟು. ಋಷಿಗೆ ಫೆಬ್ರವರಿಯಲ್ಲಿ ಒಂದು ಕಾಂಟ್ರಾಕ್ಟ್ ಸಿಕ್ಕಿತು. ಈಗ ನನ್ನ ಜೊತೆ ಮಾತಾಡ್ತಾರೆ.

ಬಟ್ಟೆ ಒಗೆಯೋ ರೂಮಿನಲ್ಲಿ, ಪಕ್ಕದವರಿಗೆ ವಾಸನೆ ಬಾರದ ಹಾಗೆ ಕಿಟಕಿ ತೆಗೆದಿಟ್ಟು, ಇಡೀ ವರ್ಷ ಇದನ್ನೇ ಮಾಡಿದೆ. ಈ ಕಾಗದದ ಜೊತೆಗೆ ಹೊಸ ಲೂಬಿನ ಬಾಟಲು ಇದೆ. ಅಮೈನ್ ಇಲ್ಲ. ಹರಳೆಣ್ಣೆಯಿಂದ ಪೊಟ್ಯಾಷ್ ಸೋಪು ಮಾಡಿ, ಅದರಲ್ಲಿ ಲ್ಯಾನೋಲಿನ್ ಕರಗಿಸಿದ್ದೀನಿ. ಈಗಲೂ ನೀರಲ್ಲಿ ತೊಳೆದರೆ ಹೋಗುತ್ತೆ. ತೊಳೆಯದಿದ್ದರೂ ಸೀಳಲ್ಲ. ನಿನ್ನ ಮಜ್ಜಿಗೆ ಹುಲ್ಲು ಹಾಕಿಲ್ಲ. ಕುರಿ ವಾಸನೆ ಹಾಗೇ ಇರಲಿ.

ಈ ಸಲ ಮಾರುವ ಮುಂಚೆ ನಿನಗೇ ಮೊದಲು ಕಳಿಸುತ್ತಿದ್ದೀನಿ. ನನಗೆ ಗೊತ್ತಿರೋರಲ್ಲಿ ನಿನ್ನಷ್ಟು ಕೆಟ್ಟ ಮನಸ್ಸಿನಿಂದ ಇದನ್ನ ನೋಡೋರು ಇನ್ನೊಬ್ಬರಿಲ್ಲ. ತಪ್ಪು ಹುಡುಕು. ಸಿಕ್ಕರೆ ಪತ್ರಿಕೆಗೆ ಬರಿ. ವಿಳಾಸ ಮೇಲಿದೆ.

ಅನು


ಟ್ರಾಯ್
7 ನವೆಂಬರ್ 2010

ಅನು,

ಬಾಟಲು ಬಂತು. ಎರಡು ದಿನ ಅದನ್ನ ಅಡಿಗೆ ಮನೆ ಕಟ್ಟೆ ಮೇಲಿಟ್ಟು ಮುಟ್ಟಲಿಲ್ಲ. ಆಮೇಲೆ ಗ್ಯಾರೇಜಿಗೆ ತಗೊಂಡು ಹೋದೆ.

ನೀನು ಹೇಳಿದ ಹಾಗೇ ಮಾಡಿದೆ, ಕೆಟ್ಟ ಮನಸ್ಸಿನಿಂದ. ಸೀಳಬೇಕು ಅಂತ ಬಯಸಿ ಒಂದೊಂದು ಕೇಸನ್ನೂ ಒತ್ತಿದೆ. ಹೆಚ್ಚು ಹಚ್ಚಿ ನೋಡಿದೆ, ತಗ್ಗು ಬೀಳಲಿಲ್ಲ. ಸವರಿಯೂ ಸವರದ ಹಾಗೆ ಹಚ್ಚಿ ನೋಡಿದೆ, ಕಚ್ಚಲಿಲ್ಲ. ತೊಳೆಯದೇ ಒದ್ದೆ ಬಟ್ಟೆಯಲ್ಲಿ ಸುತ್ತಿ, ವಾಟರ್ ಹೀಟರಿನ ಪಕ್ಕ ಇಟ್ಟೆ. ನಮ್ಮ ಹಳೇದನ್ನೂ ಅದರ ಜೊತೆಗೇ ಇಟ್ಟೆ. ಹಳೇದು ಸೀಳಿತು. ನಿನ್ನದು ಹೊಳೆಯುತ್ತಾ ಕೂತಿತ್ತು. ಇನ್ನೂ ಒಂದು ವಾರ ಇಟ್ಟೆ. ದೊಡ್ಡ ಭೂತಗನ್ನಡಿ ಕೊಂಡು ತಂದೆ. ಏನೂ ಸಿಗಲಿಲ್ಲ.

ಹೋದ ವರ್ಷ ಆ ಸೀಳಿದ ತೋಟಾ ನೋಡಿದ ಮೇಲೆ ನಾನು ನೀರಿನ ಆಸೆ ಬಿಟ್ಟು, ಲ್ಯಾನೋಲಿನ್ನನ್ನ ಆಲ್ಕೋಹಾಲಿನಲ್ಲಿ ಕರಗಿಸಿ ನನ್ನದೊಂದು ಬಾಟಲು ಮಾಡಿಟ್ಟಿದ್ದೆ. ನನ್ನದು ಹಚ್ಚಿದ ಮೇಲೆ ಆರೋವರೆಗೆ ಕಾಯಬೇಕು, ಆಮೇಲೆ ಒಂದೊಂದನ್ನೂ ಬಟ್ಟೆಯಿಂದ ಒರೆಸಬೇಕು. ಕಾಯದವನ ಡೈಯಲ್ಲಿ ಕೇಸು ಕಚ್ಚಿಕೊಳ್ಳುತ್ತೆ. ನಿನ್ನದಕ್ಕೆ ಇದ್ಯಾವುದೂ ಬೇಡ. ಹರಳೆಣ್ಣೆ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಆಮೇಲೆ ಸಿಟ್ಟಿನಲ್ಲಿ ನಾನು ಒಂದು ವರ್ಷ ಹೊಸದೇನೂ ಮಾಡಲಿಲ್ಲ ಅನು. ನೀನು ಮಾಡಿದೆ.

ಇವತ್ತು ಮಧ್ಯಾಹ್ನ ಕಲೀಮ್ ಬಂದಿದ್ದ. ಹೋದ ವರ್ಷದ ಆ ಶನಿವಾರ ಆದಮೇಲೆ ಅವನು ಮನೆಗೆ ಬಂದದ್ದು ಇದೇ ಮೊದಲು. ಬಾಗಿಲಲ್ಲೇ ನಿಂತಿದ್ದ, ಒಳಗೆ ಬರಲಿಲ್ಲ.

"ಅಕ್ಕಾರ, ಬ್ಯಾಟಿ ಮುಂದಿನ ವಾರ. ಕೇಸು ತುಂಬಬೇಕು. ಯಾವುದು ಹಚ್ಚಲಿ? ನಿಮ್ದೋ, ಅಂಗಡ್ಯಾಗಿಂದೋ?"

ಗ್ಯಾರೇಜಿನಲ್ಲಿ ನನ್ನ ಬಾಟಲು ಇತ್ತು, ನಿನ್ನದೂ ಇತ್ತು. ನನ್ನದು ಕೊಟ್ಟಿದ್ದರೂ ಅವನಿಗೆ ಏನೂ ಆಗುತ್ತಿರಲಿಲ್ಲ. ನಿನ್ನದು ಅಂತ ಒಂದಿದೆ ಅನ್ನೋದೇ ಅವನಿಗೆ ಗೊತ್ತಾಗುತ್ತಿರಲಿಲ್ಲ. ನನ್ನದರ ಮೇಲೆ ಕೈ ಇಟ್ಟಿದ್ದೆ ಕೂಡ.

"ಇದು ತಗೋ," ಅಂತ ನಿನ್ನದನ್ನ ತಂದು ಕೊಟ್ಟೆ.

ಅವನು ಮುಚ್ಚಳ ತೆಗೆದು ಮೂಸಿ ಮುಖ ಕಿವುಚಿದ. "ಇದು ಯಾರ್ದ್ರಿ? ಕುರಿದೊಡ್ಡಿ ವಾಸ್ನಿ ಹೊಡೀತದ."

"ಅನೂದು. ನನ್ನದಕ್ಕಿಂತ ಚೆನ್ನಾಗಿದೆ."

ಅವನು ನನ್ನನ್ನೇ ನೋಡಿದ. ಚಪ್ಪಲಿ ಬಿಟ್ಟು ಒಳಗೆ ಬಂದು ಸೋಫಾ ಮೇಲೆ ಕೂತು, "ಚಾ ಮಾಡ್ರಿ" ಅಂದ.

ಇದನ್ನ ನಿನಗೆ ಬರೆಯಬಾರದು ಅಂದುಕೊಂಡಿದ್ದೆ. ನಿನ್ನ ಮೇಲಿನ ಕೋಪ ಹೋಗಿಲ್ಲ. ಕೇಳದೇ ತಗೊಂಡು ಹೋದದ್ದನ್ನ ನಾನು ಸಾಯೋವರೆಗೂ ಮರೆಯಲ್ಲ. ನೀನೂ ನನ್ನ ಮೊದಲ ಪುಟ ಮರೆಯಬೇಡ. ಆದರೆ ನಿನ್ನ ಬಾಟಲಿನಲ್ಲಿ ತಪ್ಪಿಲ್ಲ. ಧೈರ್ಯವಾಗಿ ಮಾರು.

ನಾಳೆ ಕೌಂಟರಿಗೆ ರಜಾ ಹಾಕಿದ್ದೀನಿ. ನನ್ನದನ್ನ ಮೊದಲಿನಿಂದ ಶುರು ಮಾಡ್ತೀನಿ.

ಪದ್ಮಜಾ